ಲವಣ ವಿಶ್ಲೇಷಣೆ ತಾಳೆಯಾಗದಿದ್ದಾಗ: ಆಮ್ಲ ಮತ್ತು ಕ್ಷಾರ ರ‍್ಯಾಡಿಕಲ್‌ಗಳ ಪರೀಕ್ಷೆಗೆ ದೋಷ ನಿವಾರಣೆ ಕೈಪಿಡಿ

ಲವಣದ ಆಮ್ಲ ರ‍್ಯಾಡಿಕಲ್ ಮತ್ತು ಕ್ಷಾರ ರ‍್ಯಾಡಿಕಲ್‌ಗಳನ್ನು ಗುರುತಿಸುವ ಪ್ರತಿಯೊಂದು ಪರೀಕ್ಷೆಗೂ ಒಂದು ಷರತ್ತು ಇರುತ್ತದೆ. (ಕ್ಲೋರೈಡ್, ಸಲ್ಫೇಟ್‌ಗಳಂತೆ ಲವಣಕ್ಕೆ ಆಮ್ಲದಿಂದ ಬಂದ ಋಣ ಅಯಾನು ಆಮ್ಲ ರ‍್ಯಾಡಿಕಲ್; ಲೋಹ ಅಥವಾ ಅಮೋನಿಯಂನ ಧನ ಅಯಾನು ಕ್ಷಾರ ರ‍್ಯಾಡಿಕಲ್.) ಬೇರಿಯಂ ಕ್ಲೋರೈಡಿನಿಂದ ಬಿಳಿ ಪ್ರಕ್ಷೇಪ ಬಂದರೆ ಸಲ್ಫೇಟ್ ಇದೆ ಎಂಬ ಮಾತು ದ್ರಾವಣ ಆಮ್ಲೀಯವಾಗಿದ್ದಾಗ ಮಾತ್ರ ನಿಜ. ಅಮೋನಿಯದಿಂದ ಲೋಳೆಯಂಥ ಬಿಳಿ ಪ್ರಕ್ಷೇಪ ಬಂದರೆ ಅಲ್ಯೂಮಿನಿಯಂ ಇದೆ ಎಂಬ ಮಾತು ಅಮೋನಿಯಂ ಕ್ಲೋರೈಡ್ ಸಾಕಷ್ಟಿದ್ದು ಫಾಸ್ಫೇಟ್ ಇಲ್ಲದಿದ್ದಾಗ ಮಾತ್ರ ನಿಜ. ಫಲಿತಾಂಶ ವಿಚಿತ್ರವಾಗಿ ಕಂಡಾಗಲೆಲ್ಲ ಲವಣವನ್ನು ಅನುಮಾನಿಸುವ ಮೊದಲು ಇಂಥ ಯಾವ ಷರತ್ತು ತಪ್ಪಿಹೋಗಿದೆ ಎಂದು ಹುಡುಕಬೇಕು. ಹಾಗೆ ಹುಡುಕಲು ಅನುಕೂಲವಾಗಲೆಂದು ಪ್ರಯೋಗಶಾಲೆಯ ಮೇಜಿನ ಮುಂದೆ ನಿಂತವರ ಕಣ್ಣಿಗೆ ಬೀಳುವ ಲಕ್ಷಣಗಳನ್ನೇ ಇಲ್ಲಿ ತಲೆಬರಹಗಳಾಗಿ ಇಡಲಾಗಿದೆ.

ಯಾವ ದೋಷವೇ ಇರಲಿ, ಮೊದಲು ನೋಡಬೇಕಾದವು

ಅತಿ ಸುಲಭವಾದ, ಖರ್ಚೇ ಇಲ್ಲದ ತಪಾಸಣೆ ಎಂದರೆ ಖಾಲಿ ಪರೀಕ್ಷೆ. ಲವಣವನ್ನು ಹಾಕದೆ, ಅದೇ ನೀರು, ಅದೇ ಆಮ್ಲ, ಅದೇ ಕಾರಕಗಳನ್ನು ಅದೇ ಕ್ರಮದಲ್ಲಿ ಸೇರಿಸಿ ನೋಡಿ. ಖಾಲಿ ಪ್ರನಾಳದಲ್ಲೂ ಪ್ರಕ್ಷೇಪ ಬಂದರೆ ದೋಷ ನೀರಿನಲ್ಲೋ ಸೀಸೆಯಲ್ಲೋ ಇದೆ ಎಂದು ಅಲ್ಲಿಗೇ ಸ್ಪಷ್ಟವಾಗುತ್ತದೆ. ಎರಡನೆಯದು ಗೊತ್ತಿರುವ ಲವಣದ ಮೇಲೆ ಅದೇ ಪರೀಕ್ಷೆಯನ್ನು ಮಾಡುವುದು. ಸೋಡಿಯಂ ನೈಟ್ರೇಟಿನಲ್ಲೇ ನೈಟ್ರೇಟಿನ ಗುರುತಾದ ಕಂದು ಉಂಗುರ ಬಾರದಿದ್ದರೆ ಅಜ್ಞಾತ ಲವಣದಲ್ಲಿ ಅದು ಬಾರದಿರುವುದಕ್ಕೆ ಯಾವ ಅರ್ಥವೂ ಇಲ್ಲ. ಈ ಎರಡು ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು. ಇವನ್ನು ಬಿಟ್ಟು ಇಡೀ ವಿಶ್ಲೇಷಣೆಯನ್ನು ಮೊದಲಿನಿಂದ ಮಾಡುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ.

ಇದರ ಜೊತೆಗೆ ಪ್ರನಾಳ ಒಣಗಿದೆಯೇ, ಡ್ರಾಪರ್ ಒಂದು ಸೀಸೆಯಿಂದ ಇನ್ನೊಂದಕ್ಕೆ ಅದಲುಬದಲಾಗಿದೆಯೇ, ಸೀಸೆಯ ಮೇಲಿನ ಚೀಟಿಯಲ್ಲಿ ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ್ದು) ಎಂದಿದೆಯೋ ಸಾರೀಕೃತ (ತೆಳುವಾಗಿಸದ, ಗಾಢವಾದದ್ದು) ಎಂದಿದೆಯೋ ಎಂಬುದನ್ನು ಒಮ್ಮೆ ನೋಡಿಕೊಳ್ಳಿ. ಒಂದು ಪರೀಕ್ಷೆಗೆ ಚಿಟಿಕೆಯಷ್ಟು, ಅಂದರೆ ಸುಮಾರು 0.1 ಗ್ರಾಂ ಲವಣ ಸಾಕು. ಹೆಚ್ಚು ಲವಣ ಹಾಕಿದರೆ ಫಲಿತಾಂಶ ಹೆಚ್ಚು ಸ್ಪಷ್ಟವಾಗುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಸುರಕ್ಷಾ ಕನ್ನಡಕವನ್ನು ಮೊದಲ ಹನಿ ಹಾಕುವ ಮುನ್ನವೇ ಧರಿಸಿರಬೇಕು. ಬಿಸಿ ಮಾಡುವಾಗ ಪ್ರನಾಳದ ಬಾಯಿ ಯಾರ ಕಡೆಗೂ ತಿರುಗಿರಬಾರದು. ವಾಸನೆಯನ್ನು ನೋಡಬೇಕಾದಾಗ ಮೂಗನ್ನು ಪ್ರನಾಳದ ಹತ್ತಿರ ಒಯ್ಯದೆ ಅಂಗೈಯಿಂದ ಗಾಳಿಯನ್ನು ನಿಧಾನವಾಗಿ ತಮ್ಮ ಕಡೆಗೆ ಬೀಸಿಕೊಳ್ಳಬೇಕು.

ಲಕ್ಷಣ: ಪರೀಕ್ಷಿಸಿದ ಲವಣಗಳಲ್ಲೆಲ್ಲ ಕ್ಲೋರೈಡ್ ಅಥವಾ ಸಲ್ಫೇಟ್ ಸಿಗುತ್ತಿದೆ

ಮೊದಲ ಅನುಮಾನ ನೀರಿನ ಮೇಲೆ. ನಲ್ಲಿಯ ನೀರಿನಲ್ಲಿ ಕ್ಲೋರೈಡ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಳಸುತ್ತಿರುವ ನೀರಿಗೆ ಎರಡು ಹನಿ ಸಾರರಿಕ್ತ ನೈಟ್ರಿಕ್ ಆಮ್ಲ ಮತ್ತು ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಅದು ಬೆಳ್ಳಗೆ ಕದಡಿದರೆ ಆ ನೀರು ಈ ಕೆಲಸಕ್ಕೆ ಬಾರದು. ಭಟ್ಟಿ ಇಳಿಸಿದ ನೀರನ್ನು ತಂದುಕೊಳ್ಳಿ.

ನೀರು ಸರಿಯಿದ್ದರೆ ಮುಂದಿನ ಅನುಮಾನ ಸೋಡಿಯಂ ಕಾರ್ಬೊನೇಟ್ ಸಾರದ ಮೇಲೆ. ಲವಣವನ್ನು ಅದರ ಎರಡರಿಂದ ಮೂರು ಪಟ್ಟು ಸೋಡಿಯಂ ಕಾರ್ಬೊನೇಟಿನೊಂದಿಗೆ ನೀರಿನಲ್ಲಿ 10ರಿಂದ 15 ನಿಮಿಷ ಕುದಿಸಿ ಸೋಸಿದಾಗ, ಕ್ಷಾರ ರ‍್ಯಾಡಿಕಲ್ ಬಹುಮಟ್ಟಿಗೆ ಕರಗದ ಕಾರ್ಬೊನೇಟಾಗಿ ಸೋಸುಕಾಗದದ ಮೇಲೆ ಉಳಿಯುತ್ತದೆ ಮತ್ತು ಆಮ್ಲ ರ‍್ಯಾಡಿಕಲ್ ಸೋಡಿಯಂ ಲವಣವಾಗಿ ಕೆಳಗಿಳಿಯುತ್ತದೆ. ಆದರೆ ಆ ಸಾರದಲ್ಲಿ ನಾವೇ ಹಾಕಿದ ಕಾರ್ಬೊನೇಟ್ ಧಾರಾಳವಾಗಿ ಉಳಿದಿರುತ್ತದೆ ಎಂಬುದು ಮರೆತುಹೋಗುತ್ತದೆ. ಆಮ್ಲವನ್ನು ಸಾಲದಷ್ಟು ಹಾಕಿ ಬೇರಿಯಂ ಕ್ಲೋರೈಡನ್ನು ಸೇರಿಸಿದರೆ ಬೀಳುವ ಬಿಳಿ ಪುಡಿ ಬೇರಿಯಂ ಕಾರ್ಬೊನೇಟ್. ಸಿಲ್ವರ್ ನೈಟ್ರೇಟನ್ನು ಸೇರಿಸಿದರೆ ತಿಳಿಹಳದಿ ಬಣ್ಣದ ಸಿಲ್ವರ್ ಕಾರ್ಬೊನೇಟ್ ಬೀಳುತ್ತದೆ. ಅದನ್ನು ಬ್ರೋಮೈಡ್ ಎಂದು ಬರೆದವರು ಎಷ್ಟೋ ಮಂದಿ.

ಸರಿಯಾದ ಕ್ರಮ ಹೀಗಿದೆ. ಎರಡು ಮಿಲಿಲೀಟರ್ ಸಾರಕ್ಕೆ ಸಾರರಿಕ್ತ ಆಮ್ಲವನ್ನು ಹನಿಹನಿಯಾಗಿ ಹಾಕುತ್ತ ಪ್ರತಿ ಹನಿಯ ನಂತರ ಅಲುಗಿಸಿ. ಮೊದಲ ಹನಿಗಳಿಗೆ ಗುಳ್ಳೆ ಬಾರದಿರಬಹುದು, ಏಕೆಂದರೆ ಆಗ ಕಾರ್ಬೊನೇಟ್ ಬೈಕಾರ್ಬೊನೇಟಾಗಿ ಮಾತ್ರ ಬದಲಾಗುತ್ತಿರುತ್ತದೆ. ಇಲ್ಲಿಯೇ ಹಲವರು ಕೆಲಸ ಮುಗಿಯಿತೆಂದು ನಿಲ್ಲಿಸಿಬಿಡುತ್ತಾರೆ. ಆಮ್ಲವನ್ನು ಇನ್ನೂ ಹಾಕಿದಾಗ ಗುಳ್ಳೆಗಳು ರಭಸದಿಂದ ಏಳುತ್ತವೆ, ಆಮೇಲೆ ನಿಲ್ಲುತ್ತವೆ. ಗುಳ್ಳೆ ನಿಂತ ಮೇಲೂ ಒಂದೆರಡು ಹನಿ ಹೆಚ್ಚಾಗಿ ಹಾಕಿ, ನೀಲಿ ಲಿಟ್ಮಸ್ ಕೆಂಪಾಗುವುದನ್ನು ಕಣ್ಣಾರೆ ನೋಡಿ, ಒಮ್ಮೆ ಕುದಿಸಿ ಇಂಗಾಲದ ಡೈಆಕ್ಸೈಡನ್ನು ಓಡಿಸಿ, ತಣಿಸಿದ ನಂತರವೇ ಕಾರಕವನ್ನು ಸೇರಿಸಬೇಕು.

ಯಾವ ಆಮ್ಲ ಎಂಬುದೂ ಮುಖ್ಯ. ಸಿಲ್ವರ್ ನೈಟ್ರೇಟ್ ಪರೀಕ್ಷೆಗೆ ನೈಟ್ರಿಕ್ ಆಮ್ಲ, ಬೇರಿಯಂ ಕ್ಲೋರೈಡ್ ಪರೀಕ್ಷೆಗೆ ಹೈಡ್ರೋಕ್ಲೋರಿಕ್ ಆಮ್ಲ, ಕಂದು ಉಂಗುರಕ್ಕೆ ಸಲ್ಫ್ಯೂರಿಕ್ ಆಮ್ಲ. ಇವು ಅದಲುಬದಲಾದರೆ ನಾವು ಹುಡುಕುತ್ತಿರುವ ರ‍್ಯಾಡಿಕಲನ್ನು ನಾವೇ ದ್ರಾವಣಕ್ಕೆ ಸುರಿದಂತಾಗುತ್ತದೆ. ಇಷ್ಟಾದರೂ ತೆಳುವಾದ ಕದಡು ಮಾತ್ರ ಕಾಣುತ್ತಿದ್ದರೆ ಸೋಡಿಯಂ ಕಾರ್ಬೊನೇಟಿನಲ್ಲೇ ಕ್ಲೋರೈಡ್, ಸಲ್ಫೇಟ್‌ಗಳ ಅಲ್ಪಾಂಶ ಇರಬಹುದು. ಅದನ್ನು ಖಾಲಿ ಪರೀಕ್ಷೆಯೊಂದಿಗೆ ಹೋಲಿಸಿ ತೀರ್ಮಾನಿಸಬೇಕು. ಸಲ್ಫೈಟ್ ಲವಣಗಳು ಗಾಳಿಗೆ ತೆರೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಸಲ್ಫೇಟಾಗುವುದರಿಂದ, ಹಳೆಯ ಸಲ್ಫೈಟಿನಲ್ಲಿ ಸಲ್ಫೇಟಿನ ಕದಡು ಕಾಣುವುದು ದೋಷವಲ್ಲ.

ಲಕ್ಷಣ: ಕಾರ್ಬೊನೇಟ್ ಎಂಬ ಅನುಮಾನವಿದೆ, ಆದರೆ ಗುಳ್ಳೆ ಬರುತ್ತಿಲ್ಲ ಅಥವಾ ಸುಣ್ಣದ ತಿಳಿನೀರು ಹಾಲಿನಂತಾಗುತ್ತಿಲ್ಲ

ಗುಳ್ಳೆಯೇ ಬಾರದಿದ್ದರೆ ಬಳಸಿದ ಆಮ್ಲವನ್ನು ನೋಡಿ. ಕ್ಯಾಲ್ಸಿಯಂ, ಬೇರಿಯಂ ಅಥವಾ ಸೀಸದ ಕಾರ್ಬೊನೇಟಿನ ಮೇಲೆ ಸಲ್ಫ್ಯೂರಿಕ್ ಆಮ್ಲವನ್ನು ಹಾಕಿದರೆ, ಕರಗದ ಅಥವಾ ಅಲ್ಪವಾಗಿ ಕರಗುವ ಸಲ್ಫೇಟಿನ ಪದರ ಕಣಗಳ ಮೇಲೆ ಕೂತು ಕ್ರಿಯೆಯನ್ನು ತಡೆಯುತ್ತದೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ. ಸೀಸವಿರಬಹುದೆಂದು ತೋರಿದರೆ ನೈಟ್ರಿಕ್ ಆಮ್ಲವೇ ಒಳ್ಳೆಯದು. ಮೆಗ್ನೀಸಿಯಂನ ಖನಿಜ ಕಾರ್ಬೊನೇಟ್ ತಣ್ಣನೆಯ ಆಮ್ಲದಲ್ಲಿ ನಿಧಾನವಾಗಿ ಮಾತ್ರ ವರ್ತಿಸುವುದರಿಂದ ಪುಡಿ ಮಾಡಿ ಸ್ವಲ್ಪ ಬೆಚ್ಚಗೆ ಮಾಡಬೇಕು.

ಗುಳ್ಳೆ ಬಂದೂ ತಿಳಿನೀರು ಬದಲಾಗದಿದ್ದರೆ ತಿಳಿನೀರನ್ನೇ ಪರೀಕ್ಷಿಸಿ. ಸುಣ್ಣ ನೀರಿನಲ್ಲಿ ಕರಗುವುದು ಲೀಟರಿಗೆ ಎರಡು ಗ್ರಾಮಿಗಿಂತ ಕಡಿಮೆ. ಬಾಯಿ ತೆರೆದ ಸೀಸೆಯಲ್ಲಿ ಅಷ್ಟನ್ನೂ ಗಾಳಿಯ ಇಂಗಾಲದ ಡೈಆಕ್ಸೈಡ್ ಕಬಳಿಸಿಬಿಡುತ್ತದೆ. ಮೇಲೆ ಬಿಳಿಯ ಕೆನೆ ಕಟ್ಟಿದ್ದರೆ ಅದೇ ಗುರುತು. ಗಾಜಿನ ಕೊಳವೆಯಿಂದ ಉಸಿರನ್ನು ಊದಿ ನೋಡಿ. ಆಗಲೂ ಹಾಲಿನಂತಾಗದಿದ್ದರೆ ಹೊಸದಾಗಿ ತಯಾರಿಸಿ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಅನಿಲ ಬಹಳ ಹೊತ್ತು ಹಾದರೆ ಮೂಡಿದ ಬಿಳುಪು ಕ್ಯಾಲ್ಸಿಯಂ ಬೈಕಾರ್ಬೊನೇಟಾಗಿ ಕರಗಿ ದ್ರಾವಣ ಮತ್ತೆ ತಿಳಿಯಾಗುತ್ತದೆ. ಆದ್ದರಿಂದ ಮೊದಲ ಗುಳ್ಳೆಯಿಂದಲೇ ಕಣ್ಣಿಟ್ಟಿರಬೇಕು.

ತಿಳಿನೀರು ಹಾಲಿನಂತಾಯಿತು ಎಂದ ಮಾತ್ರಕ್ಕೆ ಕಾರ್ಬೊನೇಟ್ ಖಚಿತವಾಗುವುದಿಲ್ಲ, ಏಕೆಂದರೆ ಸಲ್ಫೈಟಿನಿಂದ ಬರುವ ಗಂಧಕದ ಡೈಆಕ್ಸೈಡೂ ಅದನ್ನೇ ಮಾಡುತ್ತದೆ. ಗಂಧಕ ಉರಿದಾಗಿನ ಘಾಟು ಬಂದರೆ ಆಮ್ಲೀಕರಿಸಿದ ಪೊಟ್ಯಾಸಿಯಂ ಡೈಕ್ರೊಮೇಟಿನಲ್ಲಿ ಅದ್ದಿದ ಕಾಗದವನ್ನು ಹಿಡಿಯಿರಿ. ಕಿತ್ತಳೆ ಬಣ್ಣ ಹಸಿರಾದರೆ ಅದು ಸಲ್ಫೈಟ್. ಎರಡೂ ಇರಬಹುದೆನಿಸಿದರೆ ಅನಿಲವನ್ನು ಮೊದಲು ಆ ಡೈಕ್ರೊಮೇಟ್ ದ್ರಾವಣದ ಮೂಲಕ ಹಾಯಿಸಿ ನಂತರ ತಿಳಿನೀರಿಗೆ ಬಿಡಬೇಕು.

ಲಕ್ಷಣ: ಕಂದು ಹೊಗೆ ಬಂದಿದೆ, ಅದು ಯಾವುದರದ್ದೆಂದು ತಿಳಿಯುತ್ತಿಲ್ಲ

ತಣ್ಣನೆಯ ಸಾರರಿಕ್ತ ಆಮ್ಲಕ್ಕೇ ಕಂದು ಹೊಗೆ ಬಂದರೆ ಅದು ನೈಟ್ರೈಟ್. ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಹಾಕಿ ಬಿಸಿ ಮಾಡಿದಾಗ ಮಾತ್ರ ಬಂದರೆ ನೈಟ್ರೇಟ್ ಅಥವಾ ಬ್ರೋಮೈಡ್ ಇರಬಹುದು. ಬಣ್ಣವನ್ನಷ್ಟೇ ನಂಬಿ ಇವೆರಡನ್ನು ಬೇರ್ಪಡಿಸುವುದು ಕಷ್ಟ. ತಾಮ್ರದ ಚೂರನ್ನು ಹಾಕಿದಾಗ ಹೊಗೆ ದಟ್ಟವಾಗಿ ದ್ರಾವಣ ನೀಲಿಯಾದರೆ ನೈಟ್ರೇಟ್. ಮ್ಯಾಂಗನೀಸ್ ಡೈಆಕ್ಸೈಡನ್ನು ಹಾಕಿದಾಗ ಕೆಂಗಂದು ಹೊಗೆ ದಟ್ಟವಾದರೆ ಬ್ರೋಮೈಡ್. ಫೆರಸ್ ಸಲ್ಫೇಟಿನಲ್ಲಿ ಅದ್ದಿದ ಕಾಗದ ಕಪ್ಪುಗಂದಾದರೆ ಸಾರಜನಕದ ಡೈಆಕ್ಸೈಡ್ ಎಂದೂ, ಪಿಷ್ಟದ ಕಾಗದ ಹಳದಿ ಅಥವಾ ಕಿತ್ತಳೆಯಾದರೆ ಬ್ರೋಮಿನ್ ಎಂದೂ ತಿಳಿಯಬೇಕು. ಪಿಷ್ಟ ಮತ್ತು ಅಯೊಡೈಡ್ ಎರಡನ್ನೂ ಹೊಂದಿದ ಕಾಗದ ಇಲ್ಲಿ ಉಪಯೋಗಕ್ಕೆ ಬಾರದು. ಎರಡು ಅನಿಲಗಳೂ ಅದನ್ನು ನೀಲಿಯಾಗಿಸುತ್ತವೆ.

ಅಯೊಡೈಡ್ ಇದ್ದಾಗ ಇನ್ನೊಂದು ಗೊಂದಲ ಹುಟ್ಟುತ್ತದೆ. ಅದು ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಅಪಕರ್ಷಿಸಿ ಹೈಡ್ರೋಜನ್ ಸಲ್ಫೈಡನ್ನೂ ಬಿಡುಗಡೆ ಮಾಡುವುದರಿಂದ ನೇರಳೆ ಹೊಗೆಯ ಜೊತೆಗೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಾರರಿಕ್ತ ಆಮ್ಲದಲ್ಲಿ ಆ ವಾಸನೆ ಬಂದಿರದಿದ್ದರೆ ಸಲ್ಫೈಡ್ ಎಂದು ಬರೆಯಬಾರದು.

ಈ ಎಲ್ಲ ಅನಿಲಗಳೂ ಶ್ವಾಸಕೋಶಕ್ಕೆ ಹಾನಿಕರ. ಸಾರಜನಕದ ಡೈಆಕ್ಸೈಡಿನ ಪರಿಣಾಮ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದಾದ್ದರಿಂದ, ಉಸಿರಾಡಿದ ತಕ್ಷಣ ಏನೂ ಆಗಲಿಲ್ಲವೆಂದು ಸುಮ್ಮನಿರಬಾರದು. ಕೆಲಸವನ್ನು ಫ್ಯೂಮ್ ಹುಡ್‌ನಲ್ಲೇ (ಹೊಗೆಯನ್ನು ಹೊರಗೆ ಸೆಳೆಯುವ ಗೂಡಿನಲ್ಲೇ) ಮಾಡಬೇಕು.

ಲಕ್ಷಣ: ನೈಟ್ರೇಟ್ ಇದೆ, ಕಂದು ಉಂಗುರ ಮಾತ್ರ ಮೂಡುತ್ತಿಲ್ಲ

ಈ ಪರೀಕ್ಷೆ ಕೈಯ ಹದವನ್ನು ಬೇಡುತ್ತದೆ. ಉಂಗುರವಾಗಿ ಕಾಣುವುದು ಫೆರಸ್ ಅಯಾನ್ ಮತ್ತು ನೈಟ್ರಿಕ್ ಆಕ್ಸೈಡ್ ಸೇರಿ ಆಗುವ ಸಂಕೀರ್ಣ. ಅದು ಬಿಸಿಗೆ ಒಡೆದುಹೋಗುತ್ತದೆ. ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಸಾಂದ್ರತೆ ನೀರಿನ 1.84 ಪಟ್ಟು ಇರುವುದರಿಂದ, ಪ್ರನಾಳವನ್ನು ಓರೆಯಾಗಿ ಹಿಡಿದು ಗೋಡೆಯಗುಂಟ ಇಳಿಬಿಟ್ಟರೆ ಅದು ತಳದಲ್ಲಿ ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ಎರಡು ಪದರಗಳು ಕೂಡುವ ಗಡಿಯಲ್ಲಿ ಮೊದಲು ಸಣ್ಣ ಮಸುಕು, ನಂತರ ಎಳೆಯಂಥ ಕಂದು ಗೆರೆ, ಆಮೇಲೆ ಸುತ್ತಲೂ ಉಂಗುರ ಕಾಣುತ್ತದೆ. ಆಮ್ಲವನ್ನು ನೇರವಾಗಿ ಸುರಿದರೆ ಅಥವಾ ಪ್ರನಾಳವನ್ನು ಅಲುಗಿಸಿದರೆ ಪದರಗಳು ಬೆರೆತು ಕಾದು ಉಂಗುರ ಮಾಯವಾಗುತ್ತದೆ. ದ್ರಾವಣವನ್ನು ಮೊದಲೇ ತಣ್ಣೀರಿನಲ್ಲಿ ತಣಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೈ ಸರಿಯಿದ್ದೂ ಉಂಗುರ ಬಾರದಿದ್ದರೆ ಫೆರಸ್ ಸಲ್ಫೇಟ್ ದ್ರಾವಣದ ಬಣ್ಣವನ್ನು ನೋಡಿ. ಅದು ತೆಳುಹಸಿರಾಗಿರಬೇಕು. ಹಳದಿ ಅಥವಾ ಕಂದು ತಿರುಗಿದ್ದರೆ ಕಬ್ಬಿಣ ಗಾಳಿಯಲ್ಲಿ ಉತ್ಕರ್ಷಗೊಂಡು ಫೆರಸ್ ರೂಪದಿಂದ ಫೆರಿಕ್ ರೂಪಕ್ಕೆ ಬದಲಾಗಿಬಿಟ್ಟಿದೆ. ಹರಳನ್ನು ಆಗತಾನೇ ತಣ್ಣೀರಿನಲ್ಲಿ ಒಂದೆರಡು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕರಗಿಸಿಕೊಳ್ಳಬೇಕು.

ಸುಳ್ಳು ಉಂಗುರ ಬರುವುದೂ ಉಂಟು. ನೈಟ್ರೈಟ್ ಸಾರರಿಕ್ತ ಆಮ್ಲದಲ್ಲೇ ದ್ರಾವಣವನ್ನೆಲ್ಲ ಕಂದಾಗಿಸುತ್ತದೆ. ಅದನ್ನು ಯೂರಿಯಾ ಮತ್ತು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲದಿಂದ ಮೊದಲು ನಾಶಪಡಿಸಬೇಕು. ಬ್ರೋಮೈಡ್ ಮತ್ತು ಅಯೊಡೈಡ್ ಇದ್ದರೆ ಗಡಿಯಲ್ಲಿ ಬಿಡುಗಡೆಯಾಗುವ ಹ್ಯಾಲೊಜನ್ ಉಂಗುರದಂತೆಯೇ ಕಾಣುತ್ತದೆ. ಅವನ್ನು ಸಿಲ್ವರ್ ಸಲ್ಫೇಟಿನಿಂದ ತೆಗೆಯಬೇಕು. ಇಷ್ಟೆಲ್ಲ ಬೇಡವೆನಿಸಿದರೆ ಸಾರವನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಡೆವಾರ್ಡಾ ಮಿಶ್ರಲೋಹದೊಂದಿಗೆ (ತಾಮ್ರ, ಅಲ್ಯೂಮಿನಿಯಂ, ಸತುಗಳ ಮಿಶ್ರಣ) ಬೆಚ್ಚಗೆ ಮಾಡಿ ಅಮೋನಿಯ ಬರುವುದೇ ಎಂದು ನೋಡಬಹುದು. ಆದರೆ ಅಮೋನಿಯಂ ಲವಣವಿದ್ದರೆ ಅದನ್ನು ಕ್ಷಾರದೊಂದಿಗೆ ಕುದಿಸಿ ಮೊದಲೇ ಹೊರಹಾಕಿರಬೇಕು, ಮತ್ತು ನೈಟ್ರೈಟೂ ಇಲ್ಲಿ ಅಮೋನಿಯವನ್ನೇ ಕೊಡುತ್ತದೆ ಎಂಬುದನ್ನು ನೆನಪಿಡಬೇಕು.

ಲಕ್ಷಣ: ಹ್ಯಾಲೈಡಿನ ಒಂದು ಪರೀಕ್ಷೆ ಹೌದೆನ್ನುತ್ತದೆ, ಇನ್ನೊಂದು ಅಲ್ಲವೆನ್ನುತ್ತದೆ

ಸಿಲ್ವರ್ ನೈಟ್ರೇಟ್ ಕ್ಲೋರೈಡ್ ಎಂದು ತೋರಿಸಿ ಕ್ರೋಮೈಲ್ ಕ್ಲೋರೈಡ್ ಪರೀಕ್ಷೆ (ಒಣ ಲವಣವನ್ನು ಪೊಟ್ಯಾಸಿಯಂ ಡೈಕ್ರೊಮೇಟ್ ಮತ್ತು ಸಾರೀಕೃತ ಸಲ್ಫ್ಯೂರಿಕ್ ಆಮ್ಲದೊಂದಿಗೆ ಬಿಸಿ ಮಾಡಿ ಕೆಂಗಂದು ಆವಿ ಬರುವುದನ್ನು ನೋಡುವುದು) ವಿಫಲವಾದರೆ, ಪ್ರನಾಳದಲ್ಲಿ ತೇವವಿತ್ತೇ ಎಂದು ಮೊದಲು ವಿಚಾರಿಸಿ. ಕ್ರೋಮೈಲ್ ಕ್ಲೋರೈಡನ್ನು ನೀರು ಒಡೆದುಬಿಡುತ್ತದೆ. ಪ್ರನಾಳ ಒಣಗಿದ್ದೂ ಹಾಗಾದರೆ ಲವಣ ಪಾದರಸ, ಬೆಳ್ಳಿ ಅಥವಾ ಸೀಸದ ಕ್ಲೋರೈಡ್ ಆಗಿರಬಹುದು, ಏಕೆಂದರೆ ಇಂಥ ಕ್ಲೋರೈಡುಗಳು ಈ ಪರೀಕ್ಷೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಕಾರ್ಬೊನೇಟ್ ಸಾರದ ಫಲಿತಾಂಶವನ್ನೇ ನಂಬಬೇಕು.

ಸಿಲ್ವರ್ ಹ್ಯಾಲೈಡುಗಳ ಬಣ್ಣದಲ್ಲಿ ಸಂದೇಹವಿದ್ದರೆ ಅಮೋನಿಯ ದ್ರಾವಣದಿಂದ ತೀರ್ಮಾನ ಸಿಗುತ್ತದೆ: ಕ್ಲೋರೈಡ್ ಸುಲಭವಾಗಿ ಕರಗುತ್ತದೆ, ಬ್ರೋಮೈಡ್ ಅಲ್ಪವಾಗಿ ಕರಗುತ್ತದೆ, ಅಯೊಡೈಡ್ ಕರಗುವುದಿಲ್ಲ. ಸಾರಕ್ಕೆ ಕ್ಲೋರಿನ್ ನೀರು ಮತ್ತು ಕ್ಲೋರೋಫಾರಂ ಹಾಕಿ ಅಲುಗಿಸುವ ಪದರ ಪರೀಕ್ಷೆಯಲ್ಲಿ ಕ್ಲೋರೋಫಾರಂ ಪದರ ನೇರಳೆಯಾಗಿ ಕ್ಷಣದಲ್ಲೇ ಬಣ್ಣಗೆಟ್ಟರೆ ಕ್ಲೋರಿನ್ ನೀರು ಹೆಚ್ಚಾಗಿದೆ ಎಂದರ್ಥ. ಅದು ಅಯೊಡಿನ್ನನ್ನು ಬಣ್ಣವಿಲ್ಲದ ಅಯೊಡೇಟಾಗಿ ಮಾಡಿಬಿಟ್ಟಿದೆ. ಬಣ್ಣವೇ ಬಾರದಿದ್ದರೆ ಕ್ಲೋರಿನ್ ನೀರು ಬೆಳಕಿಗೆ ಸತ್ವ ಕಳೆದುಕೊಂಡಿರಬಹುದು.

ಲಕ್ಷಣ: ಲವಣ ಕರಗುತ್ತಿಲ್ಲ, ಅಥವಾ ಕರಗಿದ್ದು ನೀರು ಬೆರೆಸಿದೊಡನೆ ಬೆಳ್ಳಗಾಗುತ್ತದೆ

ತಣ್ಣೀರು, ಬಿಸಿನೀರು, ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಅದೇ ಆಮ್ಲ ಬಿಸಿಯಾಗಿ, ನಂತರ ಸಾರೀಕೃತ ಆಮ್ಲ ಎಂಬ ಕ್ರಮವನ್ನು ಬಿಡಬಾರದು. ಅವಸರದಿಂದ ಸಾರೀಕೃತ ಆಮ್ಲಕ್ಕೆ ಕೈಹಾಕಿದರೆ ಕ್ಷಾರ ರ‍್ಯಾಡಿಕಲ್‌ಗಳನ್ನು ಬೇರ್ಪಡಿಸುವ ಮುಂದಿನ ಗುಂಪುಗಳೆಲ್ಲ ಕೆಡುತ್ತವೆ. ನೀರು ಬೆರೆಸಿದೊಡನೆ ಬೆಳ್ಳಗಾದರೆ ಅದು ದೋಷಕ್ಕಿಂತ ಸುಳಿವು: ಬಿಸ್ಮತ್ ಮತ್ತು ಆಂಟಿಮನಿ ಹೀಗೆ ಆಕ್ಸಿಕ್ಲೋರೈಡಾಗಿ ಬೀಳುತ್ತವೆ, ಹೈಡ್ರೋಕ್ಲೋರಿಕ್ ಆಮ್ಲವನ್ನು ಹೆಚ್ಚಿಸಿದರೆ ಮತ್ತೆ ಕರಗುತ್ತವೆ. ಯಾವ ಆಮ್ಲದಲ್ಲೂ ಕರಗದ ಬಿಳಿ ಪುಡಿಯನ್ನು ಬಿಸಿಯಾದ ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಹಾಕಿ ನೋಡಿ. ಕರಗಿದರೆ ಸೀಸದ ಸಲ್ಫೇಟ್ ಇರಬಹುದು. ಅಲ್ಲೂ ಕರಗದ ಬೇರಿಯಂ ಸಲ್ಫೇಟಿನಂಥವುಗಳನ್ನು ಸೋಡಿಯಂ ಕಾರ್ಬೊನೇಟಿನೊಂದಿಗೆ ಕರಗುವಷ್ಟು ಕಾಯಿಸಬೇಕಾಗುತ್ತದೆ. ಅದನ್ನು ಅನುಭವಸ್ಥರ ಸಮ್ಮುಖದಲ್ಲೇ ಮಾಡಬೇಕು.

ಲಕ್ಷಣ: ಎರಡನೆಯ ಗುಂಪಿನಲ್ಲಿ ಬಿಳಿ ಕದಡು, ಅಥವಾ ಬರಬೇಕಾದದ್ದು ಬಂದಿಲ್ಲ

ಕ್ಷಾರ ರ‍್ಯಾಡಿಕಲ್‌ಗಳನ್ನು ಗುಂಪುಗಳಾಗಿ ಬೇರ್ಪಡಿಸುವ ಕ್ರಮವನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರೆಸೇನಿಯಸ್ 1841ರಲ್ಲಿ ಪ್ರಕಟಿಸಿದರು. ಈಗ ಬಳಸುವ ಕ್ರಮದಲ್ಲಿ ಒಂದನೆಯ ಗುಂಪನ್ನು ಹೈಡ್ರೋಕ್ಲೋರಿಕ್ ಆಮ್ಲ, ಎರಡನೆಯದನ್ನು ಆಮ್ಲೀಯ ದ್ರಾವಣದಲ್ಲಿ ಹೈಡ್ರೋಜನ್ ಸಲ್ಫೈಡ್, ಮೂರನೆಯದನ್ನು ಅಮೋನಿಯಂ ಕ್ಲೋರೈಡ್ ಮತ್ತು ಅಮೋನಿಯ, ನಾಲ್ಕನೆಯದನ್ನು ಅಮೋನಿಯ ಇರುವ ದ್ರಾವಣದಲ್ಲಿ ಹೈಡ್ರೋಜನ್ ಸಲ್ಫೈಡ್, ಐದನೆಯದನ್ನು ಅಮೋನಿಯಂ ಕಾರ್ಬೊನೇಟ್ ಬೀಳಿಸುತ್ತವೆ; ಮೆಗ್ನೀಸಿಯಂನಂಥವು ಕೊನೆಗೆ ಉಳಿಯುತ್ತವೆ. ಅದರ ತಿರುಳು ಸರಳ: ಪ್ರತಿ ಗುಂಪೂ ಹಿಂದಿನ ಗುಂಪು ಪೂರ್ತಿ ಹೊರಹೋಗಿದೆ ಎಂದು ನಂಬಿ ನಡೆಯುತ್ತದೆ. ಆದ್ದರಿಂದ ಒಂದು ಗುಂಪಿನಲ್ಲಿ ಕಂಡ ದೋಷದ ಮೂಲ ಸಾಮಾನ್ಯವಾಗಿ ಅದರ ಹಿಂದಿನ ಹಂತದಲ್ಲಿರುತ್ತದೆ.

ಆಮ್ಲೀಯ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದಾಗ ಹಳದಿ ಮಿಶ್ರಿತ ಬಿಳಿ ಕದಡು ಮೂಡಿ, ಸೋಸಿದರೂ ಕಾಗದದ ಮೂಲಕ ಹಾದುಹೋದರೆ, ಅದು ಸಲ್ಫೈಡ್ ಪ್ರಕ್ಷೇಪವಲ್ಲ, ಬಿಡಿಯಾದ ಗಂಧಕ. ದ್ರಾವಣದಲ್ಲಿ ನೈಟ್ರಿಕ್ ಆಮ್ಲ, ಫೆರಿಕ್ ಅಥವಾ ಕ್ರೊಮೇಟಿನಂಥ ಉತ್ಕರ್ಷಕವಿದೆ ಎಂದು ಅದು ಹೇಳುತ್ತದೆ. ಹಳದಿಯಾಗಿದ್ದ ದ್ರಾವಣ ಈಗ ತೆಳುಹಸಿರಿಗೆ ತಿರುಗಿದ್ದರೆ ಕಬ್ಬಿಣವೆಂದು ಊಹಿಸಿ ಮುಂದುವರಿಯಬಹುದು. ಲವಣವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದ್ದರೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ ಬಹುಮಟ್ಟಿಗೆ ಒಣಗುವವರೆಗೆ ಆವಿಯಾಗಿಸಿ ನೀರಿನಲ್ಲಿ ಕರಗಿಸಿಕೊಳ್ಳಬೇಕು.

ಕ್ಯಾಡ್ಮಿಯಂ ಇದ್ದೂ ಹಳದಿ ಪ್ರಕ್ಷೇಪ ಬಾರದಿದ್ದರೆ ಆಮ್ಲ ಹೆಚ್ಚಾಗಿದೆ. ಈ ಗುಂಪಿಗೆ ಬೇಕಾದ ಆಮ್ಲದ ಪ್ರಬಲತೆ ಸುಮಾರು 0.3 ಮೋಲಾರ್. ಅದಕ್ಕಿಂತ ಹೆಚ್ಚಾದರೆ ಹೈಡ್ರೋಜನ್ ಸಲ್ಫೈಡಿನ ಅಯಾನೀಕರಣ ಕುಗ್ಗಿ, ಸಲ್ಫೈಡ್ ಅಯಾನುಗಳು ತಾಮ್ರಕ್ಕೆ ಸಾಕಾದರೂ ಕ್ಯಾಡ್ಮಿಯಂಗೆ ಸಾಲದಾಗುತ್ತವೆ. ಅದಕ್ಕಿಂತ ಕಡಿಮೆಯಾದರೆ ನಾಲ್ಕನೆಯ ಗುಂಪಿನ ಸತು ಇಲ್ಲಿಯೇ ಬೆಳ್ಳಗೆ ಬಿದ್ದುಬಿಡುತ್ತದೆ. ಸಂದೇಹವಿದ್ದರೆ ಶೋಧಿತ ದ್ರಾವಣದ ಸ್ವಲ್ಪ ಭಾಗಕ್ಕೆ ನೀರು ಬೆರೆಸಿ ಮತ್ತೆ ಅನಿಲ ಹಾಯಿಸಿ ನೋಡಿ. ಸೀಸ ಒಂದನೆಯ ಗುಂಪಿನಲ್ಲೂ ಎರಡನೆಯದರಲ್ಲೂ ಕಂಡರೆ ಗಾಬರಿ ಬೇಡ. ಸೀಸದ ಕ್ಲೋರೈಡ್ 100 ಮಿಲಿಲೀಟರ್ ತಣ್ಣೀರಿನಲ್ಲಿ ಸುಮಾರು ಒಂದು ಗ್ರಾಂ, ಕುದಿನೀರಿನಲ್ಲಿ ಸುಮಾರು ಮೂರು ಗ್ರಾಂ ಕರಗುವುದರಿಂದ ಅದು ಮುಂದೆ ಜಾರುವುದು ಸಹಜ.

ಹೈಡ್ರೋಜನ್ ಸಲ್ಫೈಡ್ ವಿಷಕಾರಿ. ಗಾಳಿಯಲ್ಲಿ ಅದರ ಪ್ರಮಾಣ 100 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ 100 ಭಾಗ) ಆಸುಪಾಸು ತಲುಪಿದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದಾಗುತ್ತದೆ. ಮೊದಲು ಜೋರಾಗಿದ್ದ ವಾಸನೆ ತಾನಾಗಿಯೇ ನಿಂತಂತೆ ತೋರಿದರೆ ಅದನ್ನು ಎಚ್ಚರಿಕೆಯೆಂದು ತಿಳಿದು ಕೂಡಲೇ ಹೊರಗೆ ಬರಬೇಕು.

ಲಕ್ಷಣ: ಮೂರನೆಯ ಗುಂಪಿನಲ್ಲಿ ಬರಬಾರದ ಪ್ರಕ್ಷೇಪ

ಅಮೋನಿಯವನ್ನು ಹಾಕಿದೊಡನೆ ಕಪ್ಪು ಪ್ರಕ್ಷೇಪ ಬಂದರೆ ಹೈಡ್ರೋಜನ್ ಸಲ್ಫೈಡನ್ನು ಕುದಿಸಿ ಪೂರ್ತಿ ಹೊರಹಾಕಿಲ್ಲ; ಉಳಿದ ಅನಿಲ ಕಬ್ಬಿಣ, ಕೋಬಾಲ್ಟ್ ಅಥವಾ ನಿಕಲ್‌ನ ಸಲ್ಫೈಡನ್ನು ಬೀಳಿಸಿದೆ. ಆವಿಗೆ ಹಿಡಿದ ಲೆಡ್ ಅಸಿಟೇಟ್ ಕಾಗದ ಕಪ್ಪಾಗುವುದು ನಿಲ್ಲುವವರೆಗೆ ಕುದಿಸಬೇಕು. ನಂತರ ಕೆಲವು ಹನಿ ಸಾರೀಕೃತ ನೈಟ್ರಿಕ್ ಆಮ್ಲ ಹಾಕಿ ಮತ್ತೆ ಕುದಿಸುವುದನ್ನು ಬಿಟ್ಟರೆ ಕಬ್ಬಿಣ ಫೆರಸ್ ರೂಪದಲ್ಲೇ ಉಳಿದು, ಅಮೋನಿಯಂ ಕ್ಲೋರೈಡ್ ಇರುವಲ್ಲಿ ಪೂರ್ತಿಯಾಗಿ ಬೀಳದೆ ನಾಲ್ಕನೆಯ ಗುಂಪಿಗೆ ಹೋಗುತ್ತದೆ.

ಬಿಳಿ ಪ್ರಕ್ಷೇಪ ಬಂದು, ಸೋಡಿಯಂ ಹೈಡ್ರಾಕ್ಸೈಡನ್ನು ಹೆಚ್ಚಾಗಿ ಹಾಕಿದರೂ ಕರಗದಿದ್ದರೆ ಅದು ಅಲ್ಯೂಮಿನಿಯಂ ಅಲ್ಲ. ಅಮೋನಿಯಂ ಕ್ಲೋರೈಡ್ ಸಾಲದೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಿದ್ದಿರಬಹುದು. ಅಮೋನಿಯಂ ಕ್ಲೋರೈಡಿನ ಕೆಲಸವೇ ಹೈಡ್ರಾಕ್ಸೈಡ್ ಅಯಾನುಗಳನ್ನು ಮಿತಿಯಲ್ಲಿಡುವುದು. ಅದನ್ನು ಘನರೂಪದಲ್ಲೇ ಧಾರಾಳವಾಗಿ ಹಾಕಿ, ಅಮೋನಿಯವನ್ನು ನಂತರ ಹಾಕಬೇಕು. ಕ್ರಮ ತಿರುಗಿದರೆ ದೋಷವೂ ಹಿಂದೆಯೇ ಬರುತ್ತದೆ. ಕಂದು ಪ್ರಕ್ಷೇಪವೆಲ್ಲ ಕಬ್ಬಿಣವೂ ಅಲ್ಲ. ಮ್ಯಾಂಗನೀಸ್ ಗಾಳಿಯಲ್ಲಿ ಉತ್ಕರ್ಷಗೊಂಡು ನಿಧಾನವಾಗಿ ಕಂದು ತಿರುಗುತ್ತದೆ. ಪ್ರಕ್ಷೇಪವನ್ನು ಆಮ್ಲದಲ್ಲಿ ಕರಗಿಸಿ ಪೊಟ್ಯಾಸಿಯಂ ಫೆರೋಸಯನೈಡ್ ಹಾಕಿದಾಗ ಗಾಢ ನೀಲಿ ಬಂದರೆ ಮಾತ್ರ ಕಬ್ಬಿಣ. ಥಯೋಸಯನೇಟಿನಿಂದ ತೆಳು ಕೆಂಪು ಮಾತ್ರ ಬಂದರೆ ಆಮ್ಲದಲ್ಲಿರುವ ಕಬ್ಬಿಣದ ಅಲ್ಪಾಂಶವೂ ಅದಕ್ಕೆ ಸಾಕಾಗಿರಬಹುದು. ಖಾಲಿ ಪರೀಕ್ಷೆಯನ್ನು ನೋಡಿ.

ಆಮ್ಲ ರ‍್ಯಾಡಿಕಲನ್ನು ಕ್ಷಾರ ರ‍್ಯಾಡಿಕಲಿಗಿಂತ ಮೊದಲು ಹುಡುಕಬೇಕೆನ್ನುವುದಕ್ಕೆ ಅತ್ಯಂತ ಬಲವಾದ ಕಾರಣ ಇಲ್ಲಿಯೇ ಇದೆ. ಲವಣ ಫಾಸ್ಫೇಟ್ ಆಗಿದ್ದರೆ ಕ್ಯಾಲ್ಸಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಮೆಗ್ನೀಸಿಯಂಗಳು ಆಮ್ಲದಲ್ಲಿ ಕರಗಿದ್ದರೂ, ಅಮೋನಿಯ ಹಾಕಿ ಕ್ಷಾರೀಯ ಮಾಡಿದೊಡನೆ ಫಾಸ್ಫೇಟಾಗಿ ಮೂರನೆಯ ಗುಂಪಿನಲ್ಲೇ ಬೀಳುತ್ತವೆ. ಆಕ್ಸಲೇಟ್, ಫ್ಲೋರೈಡ್, ಬೋರೇಟ್‌ಗಳೂ ಇದೇ ತೊಂದರೆ ಕೊಡುತ್ತವೆ. ಅಮೋನಿಯಂ ಮಾಲಿಬ್ಡೇಟ್ ಮತ್ತು ನೈಟ್ರಿಕ್ ಆಮ್ಲದಿಂದ ಹಳದಿ ಪ್ರಕ್ಷೇಪ ಬಂದಿದ್ದರೆ ಮೂರನೆಯ ಗುಂಪಿಗೆ ಮುನ್ನ ಫಾಸ್ಫೇಟನ್ನು ತೆಗೆಯಲೇಬೇಕು. ಆರ್ಸೆನೇಟೂ ಕುದಿಸಿದಾಗ ಅದೇ ಹಳದಿಯನ್ನು ಕೊಡುತ್ತದೆ; ಎರಡನೆಯ ಗುಂಪಿನಲ್ಲಿ ಆರ್ಸೆನಿಕ್ ಸಿಕ್ಕಿದ್ದರೆ ಈ ಪರೀಕ್ಷೆಯನ್ನು ಅದನ್ನು ತೆಗೆದ ದ್ರಾವಣದಲ್ಲಿ ಮತ್ತೊಮ್ಮೆ ಮಾಡಬೇಕು.

ಲಕ್ಷಣ: ಕೊನೆಯ ಗುಂಪುಗಳಲ್ಲಿ ಏನೂ ಬೀಳುತ್ತಿಲ್ಲ, ಅಮೋನಿಯಂ ಮಾತ್ರ ಯಾವಾಗಲೂ ಇದೆ

ಐದನೆಯ ಗುಂಪಿನಲ್ಲಿ ಪ್ರಕ್ಷೇಪ ಬಾರದಿದ್ದರೆ ಅಮೋನಿಯಂ ಕಾರ್ಬೊನೇಟ್ ಹಳೆಯದಾಗಿರಬಹುದು ಅಥವಾ ಅದನ್ನು ಹಾಕಿದ ಮೇಲೆ ದ್ರಾವಣವನ್ನು ಕುದಿಸಿರಬಹುದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಒಡೆದುಹೋಗುತ್ತದೆ. ಮೆಗ್ನೀಸಿಯಂನ ಫಾಸ್ಫೇಟ್ ಪ್ರಕ್ಷೇಪ ತಡವಾಗಿ ಬರುವಂಥದ್ದು, ಗಾಜಿನ ಕಡ್ಡಿಯಿಂದ ಪ್ರನಾಳದ ಒಳಗೋಡೆಯನ್ನು ಉಜ್ಜಿ ಸ್ವಲ್ಪ ಕಾಯಬೇಕು. ಅಮೋನಿಯಂ ಯಾವಾಗಲೂ ಸಿಗುವುದಕ್ಕೆ ಕಾರಣ ಒಂದೇ: ಗುಂಪುಗಳ ಕಾರಕಗಳಲ್ಲೇ ಅದು ತುಂಬಿದೆ. ಅಮೋನಿಯಂ ಪರೀಕ್ಷೆಯನ್ನು ಮೂಲ ಲವಣದ ಮೇಲೆ ಮಾತ್ರ ಮಾಡಬೇಕು.

ಲಕ್ಷಣ: ಯಾವ ಲವಣ ಹಿಡಿದರೂ ಜ್ವಾಲೆ ಹಳದಿ

ಸೋಡಿಯಂನ 589 ನ್ಯಾನೋಮೀಟರಿನ ಬೆಳಕು ಎಷ್ಟು ಪ್ರಖರವೆಂದರೆ ಲವಣವನ್ನು ಜ್ವಾಲೆಗೆ ಹಿಡಿಯುವ ತಂತಿಗೆ ಬೆರಳಿನ ಬೆವರು ತಾಗಿದರೂ ಸಾಕು. ತಂತಿಯನ್ನು ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಕಾಯಿಸುವುದನ್ನು ಜ್ವಾಲೆಗೆ ಬಣ್ಣ ಬರುವುದು ನಿಲ್ಲುವವರೆಗೆ ಮತ್ತೆ ಮತ್ತೆ ಮಾಡಬೇಕು. ಪೊಟ್ಯಾಸಿಯಂನ ಮಾಸಲು ನೇರಳೆಯನ್ನು ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಬೇಕು. ಬಣ್ಣವೇ ಬಾರದಿದ್ದರೆ ಲವಣವನ್ನು ಆ ಆಮ್ಲದಲ್ಲಿ ನೆನೆಸಿ ಹಿಡಿಯಿರಿ. ಕ್ಲೋರೈಡುಗಳು ಸುಲಭವಾಗಿ ಆವಿಯಾಗುತ್ತವೆ. ಬೇರಿಯಂನ ಸೇಬುಹಸಿರು ತಡವಾಗಿ ಬರುವುದರಿಂದ ತಾಳ್ಮೆ ಬೇಕು.

ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಸಹಾಯ ಕೇಳಬೇಕಾದ ಸಂದರ್ಭಗಳು

ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಮೊದಲ ಹನಿಗೇ ಚಟಪಟ ಸದ್ದು ಬಂದು ಹಳದಿ ಅನಿಲ ಕಂಡರೆ ಬಿಸಿ ಮಾಡಲೇಬಾರದು. ಲವಣ ಕ್ಲೋರೇಟ್ ಆಗಿರಬಹುದು, ಬರುತ್ತಿರುವ ಕ್ಲೋರಿನ್ ಡೈಆಕ್ಸೈಡ್ ಸ್ಫೋಟಿಸಬಲ್ಲದು. ಕಡುನೇರಳೆ ಹರಳುಗಳಿದ್ದರೆ ಪರ್ಮಾಂಗನೇಟ್ ಎಂದು ಅನುಮಾನಿಸಿ ಆ ಆಮ್ಲವನ್ನು ಮುಟ್ಟಿಸದಿರಿ, ಅಲ್ಲೂ ಸ್ಫೋಟದ ಭಯವಿದೆ. ಸಯನೈಡ್ ಇರಬಹುದೆಂಬ ಸಣ್ಣ ಸಂಶಯ ಬಂದರೂ ಯಾವ ಆಮ್ಲವನ್ನೂ ಹಾಕದೆ ಮೇಲ್ವಿಚಾರಕರಿಗೆ ತಿಳಿಸಬೇಕು.

ಆಮ್ಲ ಚರ್ಮಕ್ಕೆ ಅಥವಾ ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ಕ್ಷಾರವನ್ನು ಹಚ್ಚಿ ತಟಸ್ಥಗೊಳಿಸಲು ಹೋಗಬಾರದು. ಕಣ್ಣಿಗೆ ಬಿದ್ದಿದ್ದರೆ ತೊಳೆದ ನಂತರ ವೈದ್ಯರನ್ನು ಕಾಣಲೇಬೇಕು. ಸಾರೀಕೃತ ಸಲ್ಫ್ಯೂರಿಕ್ ಆಮ್ಲವಿರುವ ಬಿಸಿ ಪ್ರನಾಳಕ್ಕೆ ನೀರು ಹಾಕಿ ತೊಳೆಯಲು ಯತ್ನಿಸದೆ, ತಣಿಯಲು ಬಿಟ್ಟು, ಆಮ್ಲವನ್ನೇ ನಿಧಾನವಾಗಿ ಹೆಚ್ಚು ನೀರಿಗೆ ಸುರಿಯಬೇಕು. ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್, ಬೇರಿಯಂ ಮತ್ತು ಕ್ರೊಮೇಟ್ ಇರುವ ದ್ರಾವಣಗಳನ್ನು ತೊಟ್ಟಿಗೆ ಚೆಲ್ಲದೆ ಪ್ರತ್ಯೇಕ ತ್ಯಾಜ್ಯದ ಡಬ್ಬಿಗೆ ಹಾಕಬೇಕು. ಸಿಲ್ವರ್ ಹ್ಯಾಲೈಡನ್ನು ಅಮೋನಿಯದಲ್ಲಿ ಕರಗಿಸಿದ ದ್ರಾವಣವನ್ನು ಮರುದಿನಕ್ಕೆ ಇಡಲೇಬಾರದು; ಇಟ್ಟರೆ ಅದರಲ್ಲಿ ಸ್ಫೋಟಕ ವಸ್ತು ಉಂಟಾಗಬಹುದು. ನೋಡಿದ ಕೂಡಲೇ ಸಾರರಿಕ್ತ ನೈಟ್ರಿಕ್ ಆಮ್ಲದಿಂದ ಆಮ್ಲೀಯಗೊಳಿಸಿ ತ್ಯಾಜ್ಯಕ್ಕೆ ಸೇರಿಸಿ.

ಲಕ್ಷಣ: ಎರಡು ರ‍್ಯಾಡಿಕಲ್‌ಗಳೂ ಸಿಕ್ಕಿವೆ, ಆದರೆ ಜೋಡಿ ಹೊಂದುತ್ತಿಲ್ಲ

ಸೀಸ ಮತ್ತು ಸಲ್ಫೇಟ್ ಎಂದು ತೀರ್ಮಾನಿಸಿದ್ದೀರಿ, ಆದರೆ ಲವಣ ತಣ್ಣೀರಿನಲ್ಲಿ ಕ್ಷಣದಲ್ಲಿ ಕರಗಿತ್ತು. ಸೀಸದ ಸಲ್ಫೇಟ್ ನೀರಿನಲ್ಲಿ ಕರಗದು, ಆದ್ದರಿಂದ ಎರಡರಲ್ಲಿ ಒಂದು ತಪ್ಪು. ನೀರಿನಲ್ಲಿ ಚೆನ್ನಾಗಿ ಕರಗುವ ಕಾರ್ಬೊನೇಟ್ ಸಿಕ್ಕಿದ್ದರೆ ಕ್ಷಾರ ರ‍್ಯಾಡಿಕಲ್ ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಸಿಯಂ ಅಥವಾ ಅಮೋನಿಯಂ ಆಗಿರಬೇಕು. ಬಣ್ಣವನ್ನೂ ಇದೇ ರೀತಿ ಪ್ರಶ್ನಿಸಬೇಕು. ಬಿಳಿ ಪುಡಿಯಲ್ಲಿ ತಾಮ್ರ ಸಿಕ್ಕರೆ ಅಸಾಧ್ಯವೆನ್ನಬೇಡಿ, ಜಲರಹಿತ ತಾಮ್ರದ ಸಲ್ಫೇಟ್ ಬಿಳಿಯೇ. ಒಂದು ಹನಿ ನೀರು ಹಾಕಿದರೆ ನೀಲಿಯಾಗುತ್ತದೆ.

ಒಂದೇ ಆಮ್ಲ ರ‍್ಯಾಡಿಕಲ್ ಸಿಕ್ಕು ಎರಡು ಕ್ಷಾರ ರ‍್ಯಾಡಿಕಲ್‌ಗಳು ಸಿಕ್ಕರೆ, ಒಂದನ್ನು ಕಲ್ಮಷವೆಂದು ಅಳಿಸುವ ಮೊದಲು ದ್ವಿಲವಣದ (ಎರಡು ಲವಣಗಳು ಒಂದೇ ಹರಳಾಗಿ ಕೂಡಿದ್ದರ) ಸಾಧ್ಯತೆಯನ್ನು ನೋಡಿ. ತೆಳುಹಸಿರು ಹರಳಿನ ಮೂಲ ಲವಣವೇ ಸೋಡಿಯಂ ಹೈಡ್ರಾಕ್ಸೈಡಿನೊಂದಿಗೆ ಬಿಸಿ ಮಾಡಿದಾಗ ಅಮೋನಿಯ ಕೊಟ್ಟು, ಅದರ ತಾಜಾ ದ್ರಾವಣ ಪೊಟ್ಯಾಸಿಯಂ ಫೆರಿಸಯನೈಡಿನಿಂದ ಗಾಢ ನೀಲಿಯಾಗಿ, ಆಮ್ಲೀಕರಿಸಿದ ಬೇರಿಯಂ ಕ್ಲೋರೈಡಿನಿಂದ ಬಿಳಿ ಪ್ರಕ್ಷೇಪ ಬಂದರೆ, ಮೂರು ಫಲಿತಾಂಶಗಳೂ ಸರಿಯೇ; ಅದು ಮೋರ್ ಲವಣ, ಅಂದರೆ ಫೆರಸ್ ಅಮೋನಿಯಂ ಸಲ್ಫೇಟ್.